ಡಯಟ್ ಚೀಟಿ ಬರೆಯುವ ಮುಂಚೆ

ಬೆಂಗಳೂರಿನ ಶಿವಾಜಿನಗರದ ಹತ್ತಿರ ಒಂದು ಶುಗರ್ ಕ್ಲಿನಿಕ್‌ನಲ್ಲಿ ನಾನು ಡಯಟೀಷಿಯನ್. ದಖನಿ, ತಮಿಳು, ಮಾರ್ವಾಡಿ, ಕನ್ನಡ ಮಾತಾಡುವವರೆಲ್ಲ ಒಂದೇ ಬೆಂಚಿನ ಮೇಲೆ ಕೂತಿರುತ್ತಾರೆ. ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಹೆಸರು ನೋಡಿ ಊಟ ಊಹಿಸಬೇಡಿ. ಕೇಳಿ.

"ಅನ್ನ ಕಡಿಮೆ ಮಾಡ್ತೀರಾ?" ಅಂದರೆ ಎಲ್ಲರೂ ಹೂಂ ಅಂತಾರೆ. ಅದರ ಬದಲು "ನಿನ್ನೆ ಬೆಳಿಗ್ಗೆಯಿಂದ ಮಲಗೋವರೆಗೂ ಏನೇನು ತಿಂದ್ರಿ ಅಮ್ಮಾ?" ಅನ್ನಿ. ಅಡುಗೆ ಯಾರು ಮಾಡ್ತಾರೆ, ಯಾವ ದಿನ ಉಪವಾಸ, ಅದನ್ನೂ ಕೇಳಿ. ಮಂಡ್ಯದವರಿಗೆ ಮುದ್ದೆ, ವಿಜಯಪುರದವರಿಗೆ ಜೋಳದ ರೊಟ್ಟಿ, ಮಂಗಳೂರು ಕಡೆಯವರಿಗೆ ಕುಚಲಕ್ಕಿ ಗಂಜಿ ಬೇಕೇ ಬೇಕು. ಅಳತೆ ಹೇಳಿಕೊಡಿ, ಬಿಡಿಸಲು ಹೋಗಬೇಡಿ. ಎಲ್ಲರಿಗೂ ಓಟ್ಸ್ ಬರೆದುಕೊಟ್ಟರೆ ಚೀಟಿ ಮೂಲೆ ಸೇರುತ್ತದೆ ಅಷ್ಟೇ.

ಉಪವಾಸದ ವಿಷಯಕ್ಕೆ ಜಾಸ್ತಿ ಸಮಯ ಕೊಡಿ. "ರೋಜಾ ಇಡಬೇಡಿ" ಅಂತ ಒಂದೇ ಮಾತಿನಲ್ಲಿ ಮುಗಿಸಿದರೆ ಎಷ್ಟೋ ಜನ ನಮಗೆ ಹೇಳದೆ ಇಡುತ್ತಾರೆ. ಅದು ಇನ್ನೂ ಅಪಾಯ ಅಲ್ವಾ? ರಂಜಾನ್‌ಗೆ 6ರಿಂದ 8 ವಾರ ಮುಂಚೆಯೇ ಮಾತು ತೆಗೆಯಿರಿ. ಯಾರು ರೋಜಾ ಇಡಬಹುದು, ಮಾತ್ರೆ, ಇನ್ಸುಲಿನ್ ಎಷ್ಟು, ಯಾವ ಹೊತ್ತಿಗೆ ಅನ್ನುವುದನ್ನು ಡಾಕ್ಟರ್ ತೀರ್ಮಾನಿಸಬೇಕು. "ಶುಗರ್ ನೋಡೋಕೆ ಬೆರಳು ಚುಚ್ಚಿದ್ರೆ ರೋಜಾ ಮುರಿಯುತ್ತಾ ಮೇಡಂ?" ಎಂದು ತುಂಬಾ ಜನ ಕೇಳುತ್ತಾರೆ. ಮುರಿಯುವುದಿಲ್ಲ ಎಂದೇ ಬಹುಪಾಲು ಧರ್ಮಗುರುಗಳು ಹೇಳಿದ್ದಾರೆ. ಆದರೂ ಅನುಮಾನ ಇದ್ದರೆ ಅವರ ಮಸೀದಿಯ ಇಮಾಮರನ್ನೇ ಕೇಳಲಿ. ಶುಗರ್ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಆಗಲೇ ರೋಜಾ ಬಿಡಬೇಕು. ಇದನ್ನು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ, ಜೊತೆಗೆ ಬಂದವರಿಗೂ ಹೇಳಿ.

ಸಂಕಷ್ಟಿ ಮಾಡುವವರು ಚಂದ್ರನನ್ನು ನೋಡಿ ಸಬ್ಬಕ್ಕಿ ಖಿಚಡಿ ತಿಂದರೆ, ಅದು ಬಹುತೇಕ ಬರೀ ಪಿಷ್ಟ. ಕಡಲೆಬೀಜ ಜಾಸ್ತಿ, ಸಬ್ಬಕ್ಕಿ ಕಡಿಮೆ ಹಾಕಲು ಹೇಳಿ. ಜೈನರಲ್ಲಿ ಕೆಲವರು ಸೂರ್ಯ ಮುಳುಗಿದ ಮೇಲೆ ತಿನ್ನುವುದಿಲ್ಲ, ಕ್ಯಾರೆಟ್, ಮೂಲಂಗಿ ಮುಟ್ಟುವುದಿಲ್ಲ. ಎಲ್ಲ ಜೈನರೂ ಹಾಗಲ್ಲ. ರಾತ್ರಿಯ ಮಾತ್ರೆಯನ್ನು "ಊಟ ಆದ ಮೇಲೆ" ಅಂತ ಬರೆದಿದ್ದರೆ, ಆ ಊಟ ಎಷ್ಟು ಗಂಟೆಗೆ ಅಂತ ವಿಚಾರಿಸಿ ಡಾಕ್ಟರಿಗೆ ತಿಳಿಸಿ.

ಭಾಷೆ ಬಾರದಿದ್ದರೆ ಜೊತೆಗೆ ಬಂದ ಚಿಕ್ಕ ಮಕ್ಕಳಿಂದ ಹೇಳಿಸಬೇಡಿ. ಅಮ್ಮನ ಕಾಯಿಲೆಯ ಭಾರ ಮಗುವಿನ ಮೇಲೆ ಬೀಳುತ್ತದೆ, ಅಮ್ಮನೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ. ಭಾಷೆ ಬರುವ ನರ್ಸ್ ಇದ್ದರೆ ಕರೆಯಿರಿ. ಕೊನೆಗೆ "ಅರ್ಥ ಆಯ್ತಾ?" ಅನ್ನಬೇಡಿ. "ಆಪಾ, ಮನೆಗೆ ಹೋಗಿ ಸೊಸೆಗೆ ಏನು ಹೇಳ್ತೀರಿ?" ಅಂತ ಕೇಳಿ. ಉತ್ತರ ತಪ್ಪಿದರೆ ಚೀಟಿಯನ್ನು ಇನ್ನೊಮ್ಮೆ, ಇನ್ನೂ ಸುಲಭವಾಗಿ ಬರೆದುಕೊಡಿ.