ವಿಸ್ಪರ್ ಟ್ರಾನ್ಸ್‌ಮಿಟರ್‌ಗೆ ಜಿಪಿಎಸ್ ಪಲ್ಸ್ ಜೋಡಿಸಿದ್ದು ಹೀಗೆ

ವಿಸ್ಪರ್ (WSPR) ಎಂದರೆ ಕಡಿಮೆ ಶಕ್ತಿಯ ಸಿಗ್ನಲ್ ಎಷ್ಟು ದೂರ ತಲುಪುತ್ತದೆಂದು ನೋಡಲು ಹವ್ಯಾಸಿ ರೇಡಿಯೊದವರು ಬಳಸುವ ಪ್ರಸಾರ ಪದ್ಧತಿ. ಅದರ ಟ್ರಾನ್ಸ್‌ಮಿಟರ್ ಕಟ್ಟುವ ಹಲವರು ಜಿಪಿಎಸ್ ಅನ್ನು ಗಡಿಯಾರವಾಗಿ ಮಾತ್ರ ಬಳಸುತ್ತಾರೆ. ಆದರೆ ಅದರ ನಿಜವಾದ ಬೆಲೆ ಇರುವುದು ಸೆಕೆಂಡಿಗೊಮ್ಮೆ ಬರುವ ಪಿಪಿಎಸ್ ಪಲ್ಸ್‌ನಲ್ಲಿ; ಅದರಿಂದ ಆವರ್ತನದ ತಪ್ಪನ್ನೂ ಅಳೆಯಬಹುದು. 20 ಮೀಟರ್ ಬ್ಯಾಂಡಿನಲ್ಲಿ ವಿಸ್ಪರ್‌ಗಿರುವ ಜಾಗ 14.0970ರಿಂದ 14.0972 ಮೆಗಾಹರ್ಟ್ಸ್, ಅಂದರೆ ಬರೀ 200 ಹರ್ಟ್ಸ್. ನಡುವಿಗೆ ಟ್ಯೂನ್ ಮಾಡಿದ್ದರೂ ಆವರ್ತನ ಹುಟ್ಟಿಸುವ ಎಸ್‌ಐ5351 ಚಿಪ್ಪಿನ ಕ್ರಿಸ್ಟಲ್ 10 ಪಿಪಿಎಂ (ಹತ್ತು ಲಕ್ಷಕ್ಕೆ 10 ಭಾಗ) ತಪ್ಪಿದರೆ ಸಿಗ್ನಲ್ 141 ಹರ್ಟ್ಸ್ ಸರಿದು ಆಚೆ ಬೀಳುತ್ತದೆ.

ನಾನು ತೆಗೆದುಕೊಂಡದ್ದು ನಿಯೋ-6ಎಂ ಜಿಪಿಎಸ್ ಮಾಡ್ಯೂಲ್, 5 ವೋಲ್ಟಿನ ಆರ್ಡುಯಿನೊ ನ್ಯಾನೊ (ಮೈಕ್ರೊಕಂಟ್ರೋಲರ್ ಬೋರ್ಡ್), ಎಸ್‌ಐ5351 ಬೋರ್ಡ್, ಒಂದು 74ಎಚ್‌ಸಿಟಿ14 ಇನ್ವರ್ಟರ್ ಚಿಪ್. ಪಿಪಿಎಸ್ ಮತ್ತು ಎಸ್‌ಐ5351ರ ಕ್ಲಾಕ್ ಎರಡೂ 3.3 ವೋಲ್ಟಿನವು, ಸಿಗ್ನಲ್ ಗುರುತಿಸಲು ನ್ಯಾನೊಗೆ ಕನಿಷ್ಠ 3 ವೋಲ್ಟ್ ಬೇಕು, ತೀರಾ ಅಂಚು. ಅದಕ್ಕೇ ನಡುವೆ ಎಚ್‌ಸಿಟಿ. ಅಂಗಡಿಯವರು 74ಎಚ್‌ಸಿ14 ಕೊಟ್ಟರೆ ತರಬೇಡಿ, 3.3 ವೋಲ್ಟ್ ಅದಕ್ಕೆ ಸಾಲುತ್ತದೆಂಬ ಖಾತ್ರಿಯಿಲ್ಲ. ಗೇಟು ಪಲ್ಸನ್ನು ತಲೆಕೆಳಗು ಮಾಡುವುದರಿಂದ ಎರಡು ಗೇಟುಗಳನ್ನು ಸಾಲಾಗಿ ಜೋಡಿಸಿದೆ.

ಎಸ್‌ಐ5351ರ ಸಿಎಲ್‌ಕೆ1 ಔಟ್‌ಪುಟ್ಟಿನಿಂದ 2.5 ಮೆಗಾಹರ್ಟ್ಸ್ ನ್ಯಾನೊದ ಡಿ5 ಪಿನ್ನಿಗೆ, ಪಿಪಿಎಸ್ ಡಿ8ಕ್ಕೆ. ಡಿ5ಕ್ಕೆ ಬಂದ ಅಲೆಗಳನ್ನು ನ್ಯಾನೊದೊಳಗಿನ ಟೈಮರ್1 ಎಣಿಸುತ್ತದೆ. ಡಿ8ರಲ್ಲಿ ಪಲ್ಸ್ ಬಂದ ಕ್ಷಣದ ಎಣಿಕೆಯನ್ನು ಹಾರ್ಡ್‌ವೇರೇ ಹಿಡಿದಿಡುತ್ತದೆ. ಡಿ2ರ ಇಂಟರಪ್ಟ್‌ನಲ್ಲಿ (ಪ್ರೋಗ್ರಾಂ ತಡೆದು ನಡೆಯುವ ತುರ್ತು ಕೆಲಸದಲ್ಲಿ) ಓದಿದರೆ ಮಧ್ಯೆ ಬೇರೆ ಇಂಟರಪ್ಟ್ ನುಗ್ಗಿ ತಡವಾಗುತ್ತದೆ. ತಡವಾದ ಒಂದೊಂದು ಮೈಕ್ರೊಸೆಕೆಂಡಿಗೂ 2.5 ಎಣಿಕೆ ತಪ್ಪುತ್ತದೆ. ಜಿಪಿಎಸ್ ಸಾಲುಗಳನ್ನು ಓದಲು ಆಲ್ಟ್‌ಸಾಫ್ಟ್‌ಸೀರಿಯಲ್ ಲೈಬ್ರರಿ ಬೇಡ, ಅದಕ್ಕೂ ಟೈಮರ್1 ಬೇಕು.

40 ಸೆಕೆಂಡಿಗೆ 10 ಕೋಟಿ ಎಣಿಕೆ. 16 ಬಿಟ್ ಟೈಮರ್ ಎಷ್ಟು ಸಲ ಸುತ್ತಿತೆಂಬ ಲೆಕ್ಕ ಬೇಡ, 65,536ರಿಂದ ಭಾಗಿಸಿದ ಉಳಿಕೆ 57,600 ಬರಬೇಕು ಅಷ್ಟೆ. 58,450 ಬಂತೆನ್ನಿ: 850 ಹೆಚ್ಚು, ಅಂದರೆ 8.5 ಪಿಪಿಎಂ, 20 ಮೀಟರಿನಲ್ಲಿ 120 ಹರ್ಟ್ಸ್. ಮಧ್ಯೆ ಒಂದು ಪಲ್ಸ್ ತಪ್ಪಿದರೆ ಉಳಿಕೆ ಒಮ್ಮೆಲೇ 9,632 ಹಾರುತ್ತದೆ. ಆ ಅಳತೆಯನ್ನು ಎಸೆಯಿರಿ. ತಿದ್ದುಪಡಿ ಪ್ರಸಾರಗಳ ನಡುವೆ ಮಾತ್ರ ಮಾಡಬೇಕು. ವಿಸ್ಪರ್ ಸ್ವರಗಳ ಅಂತರವೇ 1.46 ಹರ್ಟ್ಸ್, ನಡುವೆ ಕೈಯಾಡಿಸಿದರೆ ಡಿಕೋಡ್ ಕೆಡುತ್ತದೆ. ಬಿಸಿಗೆ ಆವರ್ತನ ಸರಿಯದಂತೆ ಕ್ರಿಸ್ಟಲ್ ಮೇಲೆ ಫೋಮ್ ತುಂಡು ಅಂಟಿಸಿ, ಪವರ್ ಟ್ರಾನ್ಸಿಸ್ಟರ್‌ನಿಂದ ದೂರವಿಡಿ.

ಸಮಯದ ವಿಚಾರ. ಪಲ್ಸ್ ಮೊದಲು, ಅದರ ಸಮಯ ಹೇಳುವ ಜಿಪಿಎಸ್ ಸಾಲು ಆಮೇಲೆ. ಸಮ ನಿಮಿಷದ 00 ಎಂಬ ಸಾಲು ಬಂದ ಮೇಲಿನ ಪಲ್ಸ್ 01ನೇ ಸೆಕೆಂಡಿನದು; ವಿಸ್ಪರ್ ಶುರುವಾಗಬೇಕಾದದ್ದೂ ಆಗಲೇ. ಜಿಪಿಎಸ್ ಕಾಲ ಯುಟಿಸಿಗಿಂತ (ಜಾಗತಿಕ ಅಧಿಕೃತ ಸಮಯಕ್ಕಿಂತ) 18 ಸೆಕೆಂಡು ಮುಂದಿದೆ. 2017ಕ್ಕೆ ಹಿಂದಿನ ಫರ್ಮ್‌ವೇರ್‌ಗೆ ಆ ಅಂತರದ ಹಳೆಯ ಲೆಕ್ಕವೇ ಗೊತ್ತು, ಉಪಗ್ರಹದಿಂದ ಹೊಸದು ಸಿಗಲು 12.5 ನಿಮಿಷದವರೆಗೆ ಹಿಡಿಯುತ್ತದೆ. ಜಿಪಿಎಸ್ ಮಾಡ್ಯೂಲಿನ ಎಲ್‌ಇಡಿ ಮಿನುಗತೊಡಗಿದರೂ ಅಲ್ಲಿಯವರೆಗೆ ಸಮಯ ಎರಡು ಮೂರು ಸೆಕೆಂಡು ತಪ್ಪಿರಬಹುದು. ಹಾಗಾಗಿ ಆನ್ ಮಾಡಿದ ಮೇಲೆ ಕಾಲು ಗಂಟೆ ಪ್ರಸಾರ ತಡೆಹಿಡಿಯುವಂತೆ ಪ್ರೋಗ್ರಾಂನಲ್ಲೇ ಬರೆದಿದ್ದೇನೆ.