ಎಚ್‌ಐವಿ ಇರುವ ಕಪ್ಪುವರ್ಣೀಯರಿಗೆ ಸಿಗರೇಟು ಬಿಡಿಸುವ ಆ್ಯಪ್: ಮೊದಲ ದಿನವೇ ಹೊಂದಿಸಿ ಕೊಡುವುದು ಹೇಗೆ

ಎಚ್‌ಐವಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ವೈರಲ್ ಲೋಡನ್ನು (ರಕ್ತದಲ್ಲಿನ ವೈರಸ್ ಪ್ರಮಾಣವನ್ನು) ಪತ್ತೆಯಾಗದಷ್ಟು ಇಳಿಸಿಕೊಂಡವರು ಸಿಗರೇಟು ಬಿಡದಿದ್ದರೆ, ಕಷ್ಟಪಟ್ಟು ಗಳಿಸಿದ ಆಯಸ್ಸನ್ನೇ ಸುಟ್ಟುಕೊಂಡಂತೆ. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದ ಪ್ರಕಾರ, ಅಂಥವರು ಏಡ್ಸ್‌ ಸಂಬಂಧಿ ಕಾಯಿಲೆಗಿಂತ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾಯುವ ಸಂಭವ 6ರಿಂದ 13 ಪಟ್ಟು ಹೆಚ್ಚು. ಆ ದೇಶದಲ್ಲಿ ಎಚ್‌ಐವಿ ಇರುವವರ ಪೈಕಿ ಸುಮಾರು ಶೇ 40ರಷ್ಟು ಮಂದಿ ಕಪ್ಪುವರ್ಣೀಯರು. ಸಿಗರೇಟು ಬಿಡಲು ಅವರು ಬಿಳಿಯರಿಗಿಂತ ಹೆಚ್ಚು ಸಲ ಪ್ರಯತ್ನಿಸುತ್ತಾರೆ, ಗೆಲ್ಲುವುದು ಮಾತ್ರ ಕಡಿಮೆ. ಔಷಧಿಯೂ ಸಮಾಲೋಚನೆಯೂ ಅವರಿಗೆ ಅಷ್ಟಾಗಿ ಸಿಗದಿರುವುದು ಇದಕ್ಕೆ ಒಂದು ದೊಡ್ಡ ಕಾರಣ.

ಕ್ಲಿನಿಕ್ಕಿನ ಎರಡು ಭೇಟಿಗಳ ನಡುವಿನ ಅಂತರವನ್ನು ಆ್ಯಪ್ ತುಂಬಬಲ್ಲದು. ಆದರೆ ಆ್ಯಪಿನ ಹೆಸರನ್ನು ಚೀಟಿಯಲ್ಲಿ ಬರೆದು ಕಳಿಸಿದರೆ ಏನೂ ಆಗುವುದಿಲ್ಲ. ಕ್ಲಿನಿಕ್ಕಿನ ನರ್ಸ್, ಫಾರ್ಮಸಿಸ್ಟ್ ಅಥವಾ ಆಪ್ತಸಮಾಲೋಚಕರು ಪಕ್ಕದಲ್ಲಿ ಇಪ್ಪತ್ತು ನಿಮಿಷ ಕೂತು, ಅವರ ಔಷಧಿಗೆ, ಅವರ ಸಿಗರೇಟಿಗೆ, ಅವರ ಮನೆಯ ಪರಿಸ್ಥಿತಿಗೆ ತಕ್ಕಂತೆ ಅದನ್ನು ಹೊಂದಿಸಿ ಕೊಡಬೇಕು.

ಮೊದಲು ಲಾಕ್ ಸ್ಕ್ರೀನ್

ಬೇರೆ ಯಾವ ಕೆಲಸಕ್ಕೂ ಮೊದಲು ಇದನ್ನು ಮಾಡಿ. ಮೇಜಿನ ಮೇಲಿಟ್ಟ ಫೋನಿನಲ್ಲಿ "ನಿಮ್ಮ ಎಚ್‌ಐವಿ ಮಾತ್ರೆಯ ಸಮಯ" ಎಂಬ ಸಾಲು ಒಮ್ಮೆ ಮಿಂಚಿದರೆ ಸಾಕು, ಆ ಆ್ಯಪ್ ಅವತ್ತೇ ಹೋಗುತ್ತದೆ. ಐಫೋನಿನಲ್ಲಿ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್, ಶೋ ಪ್ರಿವ್ಯೂಸ್‌ಗೆ ಹೋಗಿ 'ನೆವರ್' ಆರಿಸಿ. ಆಂಡ್ರಾಯ್ಡ್‌ನಲ್ಲಿ ಲಾಕ್ ಸ್ಕ್ರೀನ್ ನೋಟಿಫಿಕೇಶನ್ ಸೆಟ್ಟಿಂಗ್‌ನಲ್ಲಿ ಸೂಕ್ಷ್ಮ ವಿಷಯ ಮರೆಮಾಡುವ ಆಯ್ಕೆ ಇದೆ. ಜ್ಞಾಪನೆಯ ಪಠ್ಯವನ್ನು ಬದಲಿಸಲು ಆ್ಯಪ್ ಬಿಡುವುದಾದರೆ "ಬೆಳಗಿನ ಎರಡು" ಎಂದಷ್ಟೇ ಬರೆಯಿಸಿ; ಒಂದು ಮಾತ್ರೆ, ಒಂದು ನಿಕೋಟಿನ್ ಪ್ಯಾಚ್ (ಚರ್ಮಕ್ಕೆ ಅಂಟಿಸುವ ಪಟ್ಟಿ). ಅರ್ಥ ಅವರಿಗಷ್ಟೇ ಗೊತ್ತು.

ಇಲ್ಲಿ ಹಲವರು ಒಂದು ತಪ್ಪು ಮಾಡುತ್ತಾರೆ. ಐಒಎಸ್ 18ರಿಂದ ಆ್ಯಪನ್ನು ಪೂರ್ತಿ ಅಡಗಿಸಿಡಬಹುದು, ಆಂಡ್ರಾಯ್ಡ್ 15ರಲ್ಲಿ ಪ್ರೈವೇಟ್ ಸ್ಪೇಸ್ ಇದೆ. ಗುಟ್ಟು ಕಾಯಲು ಒಳ್ಳೆಯದೆಂದು ಅಲ್ಲಿ ಇಟ್ಟುಬಿಡುತ್ತಾರೆ. ಆದರೆ ಅಡಗಿಸಿದ ಆ್ಯಪಿನಿಂದ ಜ್ಞಾಪನೆಗಳೇ ಬರುವುದಿಲ್ಲ. ಒಂದು ವಾರ ಫೋನು ಸದ್ದಿಲ್ಲದೆ ಕೂತಿರುತ್ತದೆ, ಪ್ಯಾಚ್ ಡಬ್ಬಿಯಲ್ಲೇ ಉಳಿದಿರುತ್ತದೆ. ತೆರೆಯಲು ಬೆರಳಚ್ಚು ಅಥವಾ ಮುಖ ಕೇಳುವಂತೆ ಬೀಗ ಹಾಕಿ, ಅಡಗಿಸಬೇಡಿ.

ಲೊಕೇಶನ್, ಕಾಂಟ್ಯಾಕ್ಟ್ಸ್, ಮೈಕ್ ಅನುಮತಿಗಳನ್ನು ಆಫ್ ಮಾಡಿ. ಕ್ಲಿನಿಕ್ಕಿನ ದಾಖಲೆಗಳನ್ನು ಕಾಯುವ ಹಿಪಾ ಕಾನೂನು, ಜನ ತಾವೇ ಇಳಿಸಿಕೊಳ್ಳುವ ಹೆಚ್ಚಿನ ಆ್ಯಪ್‌ಗಳಿಗೆ ಅನ್ವಯಿಸುವುದಿಲ್ಲ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಿ. 1932ರಿಂದ 1972ರವರೆಗೆ ಅಲಬಾಮಾದ ಟಸ್ಕೀಗಿಯಲ್ಲಿ ಸಿಫಿಲಿಸ್ ಇದ್ದ ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ ಬರೀ ಗಮನಿಸುತ್ತಾ ಕೂತ ಸರ್ಕಾರಿ ಪ್ರಯೋಗವನ್ನು ಆ ಸಮುದಾಯ ಮರೆತಿಲ್ಲ. ಅವರು "ಈ ಮಾಹಿತಿ ಯಾರಿಗೆ ಹೋಗುತ್ತದೆ?" ಎಂದು ಕೇಳಿದರೆ ಅದು ಅನುಮಾನದ ಸ್ವಭಾವವಲ್ಲ, ಅನುಭವದಿಂದ ಬಂದ ಎಚ್ಚರ. ಹೆಸರಿನ ಜಾಗದಲ್ಲಿ ಅಡ್ಡಹೆಸರು ಸಾಕು. ಎಚ್‌ಐವಿ ಇದೆಯೇ ಎಂದು ಆ್ಯಪ್ ಕೇಳಿದರೆ ಖಾಲಿ ಬಿಡುವ ಹಕ್ಕು ಅವರದು.

ಯಾವ ಆ್ಯಪ್?

ಪರೀಕ್ಷೆಗೆ ಒಳಪಟ್ಟ ಆ್ಯಪ್‌ಗಳು ಬೆರಳೆಣಿಕೆಯಷ್ಟು. 2020ರಲ್ಲಿ ಫಲಿತಾಂಶ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 2,415 ಜನರಿದ್ದರು. ಅರ್ಧ ಮಂದಿಗೆ ಐಕ್ಯಾನ್‌ಕ್ವಿಟ್, ಉಳಿದವರಿಗೆ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಕ್ವಿಟ್‌ಗೈಡ್. ಒಂದು ವರ್ಷದ ಹೊತ್ತಿಗೆ ಮೊದಲ ಗುಂಪಿನಲ್ಲಿ ಶೇ 28, ಎರಡನೆಯದರಲ್ಲಿ ಶೇ 21 ಮಂದಿ ಸೇದುವುದನ್ನು ಬಿಟ್ಟಿದ್ದರು. ಕ್ವಿಟ್‌ಗೈಡ್ ಸೇದಬೇಕೆಂಬ ತಹತಹವನ್ನು ದೂರ ಇಡಲು ಕಲಿಸುತ್ತದೆ. ಐಕ್ಯಾನ್‌ಕ್ವಿಟ್ ತಹತಹ ಬರಲಿ, ಇರಲಿ, ಹೋಗಲಿ, ಕೈ ಮಾತ್ರ ಪ್ಯಾಕಿಗೆ ಹೋಗದಿರಲಿ ಎನ್ನುತ್ತದೆ. ಕಳಂಕದ ಭಾರವನ್ನು ವರ್ಷಗಟ್ಟಲೆ ಹೊತ್ತವರಿಗೆ ಐಕ್ಯಾನ್‌ಕ್ವಿಟ್‌ನ ಈ ದಾರಿ ಹೆಚ್ಚು ಹಿಡಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಎಚ್‌ಐವಿ ಇರುವವರಿಗೆಂದೇ ಹುಟ್ಟಿದ ಪಾಸಿಟಿವ್ಲಿ ಸ್ಮೋಕ್ ಫ್ರೀ ಮೊದಲು ಗುಂಪು ಸಭೆಯಾಗಿ ಶುರುವಾಗಿ, ಆಮೇಲೆ ವೆಬ್‌ಗೆ ಬಂತು.

ಆ್ಯಪ್ ಯಾವುದೇ ಇರಲಿ, ಇಳಿಸುವ ಮುಂಚೆ ಕೊನೆಯ ಅಪ್‌ಡೇಟ್ ದಿನಾಂಕ ನೋಡಿ. ಎರಡು ವರ್ಷಕ್ಕಿಂತ ಹಳೆಯದಾದರೆ ಕೈಬಿಡಿ. ಡೇಟಾ ಇಲ್ಲದೆಯೂ ತೆರೆಯುತ್ತದೆಯೇ ಎಂದು ಏರ್‌ಪ್ಲೇನ್ ಮೋಡ್ ಹಾಕಿ ಪರೀಕ್ಷಿಸಿ. ಪ್ರೀಪೇಯ್ಡ್ ಫೋನಿನಲ್ಲಿ ತಿಂಗಳ ಕೊನೆಗೆ ಡೇಟಾ ಮುಗಿಯುವುದು ಸಾಮಾನ್ಯ, ತಹತಹ ಅದನ್ನು ನೋಡಿಕೊಂಡು ಬರುವುದಿಲ್ಲ. ಕಡಿಮೆ ಆದಾಯದವರಿಗೆ ಲೈಫ್‌ಲೈನ್ ಯೋಜನೆಯಲ್ಲಿ ಫೋನ್ ಬಿಲ್ಲಿಗೆ ತಿಂಗಳಿಗೆ 9.25 ಡಾಲರ್‌ವರೆಗೆ ರಿಯಾಯಿತಿ ಇದೆ.

ಮೆಂಥಾಲ್ (ಸಿಗರೇಟಿಗೆ ಪುದೀನದಂಥ ತಂಪು ಕೊಡುವ ವಸ್ತು) ಬಗ್ಗೆ ಆ್ಯಪ್ ಏನಾದರೂ ಹೇಳುತ್ತದೆಯೇ ಎಂದೂ ಹುಡುಕಿ. ಅಮೆರಿಕದಲ್ಲಿ ಸೇದುವ ಕಪ್ಪುವರ್ಣೀಯರಲ್ಲಿ ಸುಮಾರು ಶೇ 85 ಮಂದಿಯದು ಮೆಂಥಾಲ್ ಸಿಗರೇಟು. 1950ರ ದಶಕದಲ್ಲಿ ಈ ಪ್ರಮಾಣ ಶೇ 10ಕ್ಕಿಂತ ಕಡಿಮೆಯಿತ್ತು. ಅದು ತಾನಾಗಿ ಬೆಳೆದದ್ದಲ್ಲ. ಕಂಪನಿಗಳು ಆ ಬಡಾವಣೆಗಳಲ್ಲಿ ಪುಕ್ಕಟೆ ಪ್ಯಾಕು ಹಂಚಿ, ಜಾಝ್ ಉತ್ಸವಗಳಿಗೆ ಹಣ ಸುರಿದು ಬೆಳೆಸಿದವು. ಈ ಚರಿತ್ರೆಯನ್ನು ಎರಡು ನಿಮಿಷದ ವಿಡಿಯೊದಲ್ಲಿ ಅದೇ ಸಮುದಾಯದ ದನಿಯಲ್ಲಿ ಹೇಳುವ ಆ್ಯಪ್, "ಸೇದಿದರೆ ಸಾಯುತ್ತೀರಿ" ಎಂದು ಬೆದರಿಸುವ ಹತ್ತು ಮೆಸೇಜುಗಳಿಗಿಂತ ಮೇಲು. ಬೆದರಿಕೆಯನ್ನು ಜನ ಮ್ಯೂಟ್ ಮಾಡುತ್ತಾರೆ.

ಔಷಧಿಯನ್ನು ಆ್ಯಪ್‌ನಲ್ಲಿ ಕೂರಿಸುವುದು

ಆ್ಯಪ್ ಜೊತೆ ಔಷಧಿ ಸೇರಿದರೇ ಗೆಲ್ಲುವ ಸಂಭವ ಹೆಚ್ಚು. ಪ್ಯಾಚಿನ ಲೇಬಲ್ ಪ್ರಕಾರ ದಿನಕ್ಕೆ 10ಕ್ಕಿಂತ ಹೆಚ್ಚು ಸೇದುವವರಿಗೆ 21 ಮಿಲಿಗ್ರಾಂ 6 ವಾರ, ಆಮೇಲೆ 14 ಮಿಲಿಗ್ರಾಂ 2 ವಾರ, 7 ಮಿಲಿಗ್ರಾಂ 2 ವಾರ. 10 ಅಥವಾ ಅದಕ್ಕಿಂತ ಕಡಿಮೆ ಸೇದುವವರಿಗೆ 14ರಿಂದ ಶುರು. ಎಡವಟ್ಟಾಗುವುದು ಇಲ್ಲೇ. ಕಪ್ಪುವರ್ಣೀಯರು ಸರಾಸರಿಯಲ್ಲಿ ಕಡಿಮೆ ಸಿಗರೇಟು ಸೇದಿದರೂ ಒಂದೊಂದರಿಂದಲೂ ಹೆಚ್ಚು ನಿಕೋಟಿನ್ ಎಳೆಯುತ್ತಾರೆ. ಎಣಿಕೆಯನ್ನಷ್ಟೇ ಕೇಳುವ ಆ್ಯಪ್ ಅವರನ್ನು "ಲಘು ಸೇದುಗರು" ಎಂದು ಪಕ್ಕಕ್ಕಿಡುತ್ತದೆ. ಆದ್ದರಿಂದ ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಎಂಬುದನ್ನೂ ಕೇಳಿ. ಅರ್ಧ ಗಂಟೆಯೊಳಗೆ ಎಂದರೆ ಪ್ಯಾಚ್ ಜೊತೆಗೆ 4 ಮಿಲಿಗ್ರಾಂ ನಿಕೋಟಿನ್ ಗಮ್ ಅಥವಾ ಲಾಜೆಂಜ್ (ಬಾಯಲ್ಲಿ ಕರಗುವ ಗುಳಿಗೆ) ಕೊಡುವ ಬಗ್ಗೆ ವೈದ್ಯರ ಜೊತೆ ಮಾತಾಡಿ. ಪ್ಯಾಚ್ ದಿನವಿಡೀ ತಳ ಕಾಯುತ್ತದೆ, ದಿಢೀರನೆ ಏಳುವ ತಹತಹಕ್ಕೆ ಗಮ್.

ಗಮ್ಮನ್ನು ಸಾಮಾನ್ಯ ಚ್ಯೂಯಿಂಗ್ ಗಮ್‌ನಂತೆ ಜಗಿದರೆ ನಿಕೋಟಿನ್ ಎಲ್ಲ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ವಾಕರಿಕೆ ಬರುತ್ತದೆ. ಖಾರದಂಥ ಚುರುಕು ನಾಲಿಗೆಗೆ ತಾಗುವವರೆಗೆ ನಿಧಾನವಾಗಿ ಜಗಿದು, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಕು ಆರಿದ ಮೇಲೆ ಮತ್ತೆ ನಾಲ್ಕಾರು ಸಲ ಜಗಿದು, ಬೇರೆ ಜಾಗದಲ್ಲಿ ಇಡಬೇಕು. ಒಂದು ಗಮ್ ಹೀಗೆ ಅರ್ಧ ಗಂಟೆ ಬರುತ್ತದೆ. ಕಾಫಿ, ಸೋಡಾ, ಹಣ್ಣಿನ ರಸ ಕುಡಿದ ಹದಿನೈದು ನಿಮಿಷದೊಳಗೆ ಬೇಡ, ಬಾಯಿಯ ಹುಳಿ ನಿಕೋಟಿನ್ ಹೀರಲು ಬಿಡುವುದಿಲ್ಲ. ಈ ವಿಧಾನವನ್ನು ಕ್ಲಿನಿಕ್ಕಿನಲ್ಲೇ ಒಮ್ಮೆ ಮಾಡಿಸಿ ನೋಡಿ, ಅವರ ಫೋನಿನಲ್ಲೇ ವಿಡಿಯೊ ಹಿಡಿದಿಡಿ.

ಸಿಗರೇಟಿನ ಆಸೆ ತಗ್ಗಿಸುವ ವ್ಯಾರೆನಿಕ್ಲೀನ್ ಮಾತ್ರೆ, ಸಿಗರೇಟು ಬಿಡುವ ದಿನಕ್ಕಿಂತ ಒಂದು ವಾರ ಮೊದಲೇ ಶುರುವಾಗಬೇಕು: ಮೊದಲ 3 ದಿನ 0.5 ಮಿಲಿಗ್ರಾಂ ದಿನಕ್ಕೊಮ್ಮೆ, 4ರಿಂದ 7ನೇ ದಿನ ಅದೇ ಎರಡು ಹೊತ್ತು, 8ನೇ ದಿನದಿಂದ 1 ಮಿಲಿಗ್ರಾಂ ಎರಡು ಹೊತ್ತು, ಒಟ್ಟು 12 ವಾರ. ಹೆಚ್ಚಿನ ಆ್ಯಪ್‌ಗಳು "ಇಂದೇ ಬಿಡಿ" ಎಂಬ ಬಟನ್ನನ್ನು ಮುಂದಿಡುತ್ತವೆ. ಅದನ್ನು ಒತ್ತಿಸದೆ 8ನೇ ದಿನವನ್ನು ಬಿಡುವ ದಿನವಾಗಿ ತುಂಬಿಸಿ. ಈ ಔಷಧಿ ಬಹುಪಾಲು ಮೂತ್ರದಲ್ಲೇ ಹೋಗುವುದರಿಂದ ಎಚ್‌ಐವಿ ಮಾತ್ರೆಗಳೊಂದಿಗೆ ಜಟಾಪಟಿ ಕಡಿಮೆ. ಮೂತ್ರಪಿಂಡ ತೀರಾ ದುರ್ಬಲವಿದ್ದರೆ ಮಾತ್ರ ಪ್ರಮಾಣ ಇಳಿಸಬೇಕು. ಊಟದ ಜೊತೆ ಒಂದು ಲೋಟ ನೀರಿನಲ್ಲಿ ತೆಗೆದುಕೊಂಡರೆ ವಾಕರಿಕೆ ತಗ್ಗುತ್ತದೆ. ಸಿಗರೇಟು ಬಿಡಿಸುವ ಇನ್ನೊಂದು ಮಾತ್ರೆ ಬ್ಯುಪ್ರೊಪಿಯಾನ್ ವಿಷಯ ಬೇರೆ. ಎಚ್‌ಐವಿ ಔಷಧಿಗಳಾದ ರಿಟೊನಾವಿರ್, ಎಫಾವಿರೆಂಜ್ ಎರಡೂ ರಕ್ತದಲ್ಲಿ ಅದರ ಮಟ್ಟವನ್ನು ಇಳಿಸುತ್ತವೆ. ಆ್ಯಪಿನ ಔಷಧಿ ಪುಟಕ್ಕೆ ಇದು ಗೊತ್ತಿರುವುದಿಲ್ಲ, ಫಾರ್ಮಸಿಸ್ಟ್ ನೋಡಲೇಬೇಕು.

ಜ್ಞಾಪನೆಯನ್ನು ಎಚ್‌ಐವಿ ಮಾತ್ರೆಯ ಹೊತ್ತಿಗೇ ಕಟ್ಟುವುದು ಒಳ್ಳೆಯ ಉಪಾಯ, ಯಾಕೆಂದರೆ ಆ ಅಭ್ಯಾಸ ಆಗಲೇ ಗಟ್ಟಿಯಾಗಿದೆ. ಆದರೆ ಖಾಲಿ ಹೊಟ್ಟೆಯಲ್ಲಿ ಮಲಗುವಾಗ ಎಫಾವಿರೆಂಜ್ ನುಂಗುವವರಿಗೆ ಊಟದ ಜೊತೆಗಿನ ವ್ಯಾರೆನಿಕ್ಲೀನನ್ನು ಅದೇ ಹೊತ್ತಿಗೆ ಸೇರಿಸಬೇಡಿ. ಎರಡು ತಿಂಗಳಿಗೊಮ್ಮೆ ಕ್ಯಾಬೊಟೆಗ್ರಾವಿರ್, ರಿಲ್ಪಿವಿರಿನ್ ಚುಚ್ಚುಮದ್ದು ಪಡೆಯುವವರಿಗೆ ಕಟ್ಟಲು ದಿನದ ಮಾತ್ರೆಯೇ ಇಲ್ಲ. ಅವರ ಪ್ಯಾಚ್ ಜ್ಞಾಪನೆಯನ್ನು ಹಲ್ಲುಜ್ಜುವ ಹೊತ್ತಿಗೆ ಇಡಿ.

ದುಡ್ಡಿನ ಮಾತು: ಪ್ಯಾಚ್ ಚೀಟಿಯಿಲ್ಲದೆಯೂ ಸಿಗುತ್ತದೆ, ಆದರೂ ವೈದ್ಯರಿಂದ ಬರೆಸಿಕೊಳ್ಳಿ. 2014ರಿಂದ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಯೋಜನೆಗಳು ಸಿಗರೇಟು ಬಿಡಿಸುವ ಔಷಧಿಗಳನ್ನು ಹೊರಗಿಡುವಂತಿಲ್ಲ, ಆದರೆ ಸಾಮಾನ್ಯವಾಗಿ ಚೀಟಿ ಬೇಕು. 1-800-784-8669ಕ್ಕೆ ಕರೆ ಮಾಡಿದರೆ ಆಯಾ ರಾಜ್ಯದ ಸಹಾಯವಾಣಿ ಸಿಗುತ್ತದೆ. ಹಲವು ರಾಜ್ಯಗಳು ಪ್ಯಾಚನ್ನು ಪುಕ್ಕಟೆ ಕಳಿಸುತ್ತವೆ.

ತಹತಹದ ಐದು ನಿಮಿಷ

ಒಂದು ತಹತಹ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಆ ಹೊತ್ತಿಗೆ ಆ್ಯಪ್ ಮೂರು ತಟ್ಟಿಗಿಂತ ಹೆಚ್ಚು ಕೇಳಬಾರದು. ಹತ್ತು ಪ್ರಶ್ನೆಯ ಫಾರಂ ತುಂಬುವ ಬದಲು ಬೆಂಕಿಕಡ್ಡಿ ಗೀರುವುದು ಸುಲಭ. ತಹತಹ ಬಟನ್ನನ್ನು ಹೋಮ್ ಸ್ಕ್ರೀನಿಗೆ ತಂದಿಡಿ. ಅದರ ಹಿಂದೆ ಅವರೇ ಆರಿಸಿದ ಒಂದು ಹಾಡು, ಅವರೇ ರೆಕಾರ್ಡ್ ಮಾಡಿದ ಅರ್ಧ ನಿಮಿಷದ ದನಿ, ಕರೆ ಮಾಡಬಹುದಾದ ಒಬ್ಬರ ನಂಬರ್ ಇರಲಿ. ಆ ಒಬ್ಬರಿಗೆ ಎಚ್‌ಐವಿ ವಿಷಯ ಗೊತ್ತಿದೆಯೇ ಎಂದು ಕೇಳದೆ ನಂಬರ್ ಸೇರಿಸಬೇಡಿ.

ಉಳಿಸಿದ ಹಣದ ಲೆಕ್ಕವನ್ನು ಆ್ಯಪ್ 20ರ ಪ್ಯಾಕ್ ಎಂದುಕೊಂಡೇ ಮಾಡುತ್ತದೆ. ಬಿಡಿ ಸಿಗರೇಟು ಕೊಳ್ಳುವವರಿಗೆ ಅದು ತಪ್ಪು ತೋರಿಸುತ್ತದೆ. ಒಂದರ ಬೆಲೆಯನ್ನು 20ರಿಂದ ಗುಣಿಸಿ ತುಂಬಿದರೆ ನಿಜವಾದ ಮೊತ್ತ ಕಾಣುತ್ತದೆ, ನೋಡಿ ಅವರೇ ಬೆರಗಾಗುತ್ತಾರೆ.

ಎಡವಿದ ದಿನ

ಒಂದು ಸಿಗರೇಟು ಸೇದಿದ ಕೂಡಲೇ "0 ದಿನ" ಎಂದು ತೋರಿಸುವ ಎಣಿಕೆ ಅತಿ ಕೆಟ್ಟ ವಿನ್ಯಾಸ. ಹನ್ನೊಂದು ದಿನದ ಶ್ರಮ ಅಳಿಸಿಹೋದದ್ದನ್ನು ಕಂಡು ಜನ ಆ್ಯಪನ್ನೂ ಪ್ಯಾಚನ್ನೂ ಒಟ್ಟಿಗೇ ಬಿಡುತ್ತಾರೆ. ಎಣಿಕೆಯನ್ನು ಆಫ್ ಮಾಡಿ, ಅಥವಾ ಸೇದದ ಒಟ್ಟು ದಿನಗಳನ್ನು ತೋರಿಸುವಂತೆ ಬದಲಿಸಿ. ಒಂದು ಸಿಗರೇಟು ಸೇದಿದರೆಂದು ಪ್ಯಾಚ್ ಕಿತ್ತು ಹಾಕಬೇಕಿಲ್ಲ ಎಂಬುದನ್ನು ಮೊದಲ ದಿನವೇ ಹೇಳಿ. ಎರಡೂ ಸೇರಿದರೆ ಹೃದಯ ನಿಲ್ಲುತ್ತದೆಂಬ ಹೆದರಿಕೆ ಇನ್ನೂ ಇದೆ. ಮತ್ತೆ ಜಾರುವುದು ಹೆಚ್ಚಾಗಿ ಮೊದಲ ವಾರದಲ್ಲೇ, ಹಾಗಾಗಿ 3ನೇ ಮತ್ತು 7ನೇ ದಿನ ಕ್ಲಿನಿಕ್ಕಿನಿಂದ ಮನುಷ್ಯರೇ ಕರೆ ಮಾಡಬೇಕು.

ಫೋನಿಗೆ ಜೋಡಿಸುವ ಉಸಿರಿನ ಮಾಪಕವಿದ್ದರೆ ಒಳ್ಳೆಯದು. ಪ್ಯಾಚ್ ಹಾಕಿದವರ ಮೂತ್ರದಲ್ಲಿ ಕೊಟಿನಿನ್ (ನಿಕೋಟಿನ್‌ನಿಂದ ದೇಹದಲ್ಲಿ ಆಗುವ ವಸ್ತು) ಹೇಗೂ ಇರುತ್ತದೆ, ಕಾರ್ಬನ್ ಮಾನಾಕ್ಸೈಡ್ ಮಾತ್ರ ಹೊಗೆಯದು. 6 ಪಿಪಿಎಂಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಸೇದಿಲ್ಲ ಎಂದರ್ಥ. ಅದು ಕೆಲವೇ ಗಂಟೆಗಳಲ್ಲಿ ಅರ್ಧಕ್ಕಿಳಿಯುವುದರಿಂದ ನಿನ್ನೆ ಮೊನ್ನೆಯ ಸಿಗರೇಟು ಇದರಲ್ಲಿ ಕಾಣುವುದಿಲ್ಲ. ಗಾಂಜಾ ಸೇದಿದರೂ ಅಂಕಿ ಏರುತ್ತದೆ. ಸುಳ್ಳುಗಾರರೆಂದು ತೀರ್ಮಾನಿಸುವ ಮೊದಲು ಅದನ್ನು ಕೇಳಿ.

ಬಿಟ್ಟ ಮೇಲೆ ಕಾಫಿಯನ್ನು ಅರ್ಧಕ್ಕೆ ಇಳಿಸಲು ಆ್ಯಪಿನಲ್ಲಿ ಒಂದು ಟಿಪ್ಪಣಿ ಹಾಕಿ. ಹೊಗೆ ನಿಂತರೆ ಕೆಫೀನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿದು ನಿದ್ದೆಗೆಡಿಸುತ್ತದೆ, ಅದನ್ನೇ ನಿಕೋಟಿನ್ ಇಲ್ಲದ ಸಂಕಟವೆಂದು ತಿಳಿದು ಜನ ಮತ್ತೆ ಹಚ್ಚುತ್ತಾರೆ. 50ರಿಂದ 80 ವರ್ಷದೊಳಗಿದ್ದು, ದಿನಕ್ಕೊಂದು ಪ್ಯಾಕಿನಂತೆ 20 ವರ್ಷಕ್ಕೆ ಸಮನಾದಷ್ಟು ಸೇದಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಪತ್ತೆಗಾಗಿ ವರ್ಷಕ್ಕೊಮ್ಮೆ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಮಾಡಿಸಬೇಕೆಂಬುದು 2021ರ ಶಿಫಾರಸು. ಬಿಟ್ಟು 15 ವರ್ಷ ಆಗುವವರೆಗೂ ಅದು ಅನ್ವಯಿಸುತ್ತದೆ. ಆ ತಾರೀಖನ್ನೂ ಫೋನಿನ ಕ್ಯಾಲೆಂಡರಿನಲ್ಲಿ ಅವತ್ತೇ ತುಂಬಿ ಕಳಿಸಿ.