ಗ್ಯಾರೇಜ್ ಬಾಗಿಲ ಸೆನ್ಸರ್: 11 ಇಂಚಿನಿಂದ 5 ಇಂಚಿಗೆ

ಡಿಸೆಂಬರಿನ ಒಂದು ರಾತ್ರಿ ಅಂಗಡಿಯಿಂದ ತಂದ ಸಾಮಾನು ಇಳಿಸುತ್ತಿದ್ದೆ. 20 ಪೌಂಡಿನ ಸೋನಾ ಮಸೂರಿ ಚೀಲವನ್ನು ಗ್ಯಾರೇಜ್ ಬಾಗಿಲ ಬುಡದಲ್ಲೇ ಇಟ್ಟು, ಮೊದಲು ತರಕಾರಿ ಒಳಗಿಟ್ಟು ಬರೋಣ ಅಂತ ಹೋದೆ. ಚೀಲ ವಾಲಿಕೊಂಡು ಕೂತಿತ್ತು. ಎಂಟು ಇಂಚು ಎತ್ತರ ಇದ್ದೀತು. ಗೊತ್ತಿಲ್ಲದೆ ಹೆಂಡತಿ ಒಳಗಿನಿಂದ ಸ್ವಿಚ್ ಒತ್ತಿದಳು. ಬಾಗಿಲು ಇಳಿದು ಚೀಲದ ಮೇಲೆ ಕೂತಿತು, ಒತ್ತಿತು, ಚೀಲ ಒಡೆದ ಮೇಲೆ ನಿಧಾನಕ್ಕೆ ವಾಪಸು ಮೇಲೇರಿತು. "ಏನ್ರೀ ಇದು, ಸೆನ್ಸರ್ ಇಲ್ವಾ?" ಅಂದಳು. ಇತ್ತು. ಬಾಗಿಲ ಎರಡು ಬದಿಯ ಸೆನ್ಸರ್ ನಡುವೆ ಕಣ್ಣಿಗೆ ಕಾಣದ ಕಿರಣ ಹಾಯುತ್ತದೆ, ಅದಕ್ಕೆ ಏನಾದರೂ ಅಡ್ಡ ಬಂದರೆ ಇಳಿಯುವ ಬಾಗಿಲು ವಾಪಸು ಹೋಗಬೇಕು. ಎರಡೂ ಕಡೆ ದೀಪ ಉರಿಯುತ್ತಲೇ ಇತ್ತು.

ನಮ್ಮದು ಡಾಲಸ್ ಪಕ್ಕದ ಊರು. ಮನೆ ಕೊಂಡು ಎರಡು ವರ್ಷವಾಗಿತ್ತು, ಆ ಸೆನ್ಸರ್ ಕಡೆ ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಟೇಪ್ ಹಿಡಿದು ಅಳೆದೆ. ನೆಲದಿಂದ 11 ಇಂಚು! ಕಿರಣ ಚೀಲದ ತಲೆ ಮೇಲಿಂದ ಆರಾಮಾಗಿ ಹಾಯ್ದು ಹೋಗಿತ್ತು. ಇರಬೇಕಾದದ್ದು 6 ಇಂಚಿನ ಒಳಗೆ. ಬಾಗಿಲ ಕೆಳಗೆ ಸಿಕ್ಕಿ ಮಕ್ಕಳು ಸತ್ತ ಮೇಲೆ ಅಮೆರಿಕದಲ್ಲಿ ಕಾನೂನು ಬಿಗಿಯಾಯಿತು. 1993ರ ಜನವರಿ 1ರಿಂದ ತಯಾರಾಗುವ ಮನೆಬಳಕೆಯ ಬಾಗಿಲು ಎತ್ತಿಳಿಸುವ ಯಂತ್ರ, ಅಂದರೆ ಓಪನರ್‌ಗೆ ಇಂಥ ಕಿರಣದ ಕಣ್ಣೋ, ಬಾಗಿಲ ಅಂಚಿಗೆ ಸ್ಪರ್ಶದ ಪಟ್ಟಿಯೋ ಇರಲೇಬೇಕು. ನಮ್ಮ ಮಗಳಿಗೆ ಆಗ ಹತ್ತು ತಿಂಗಳು. ನೆಲದ ಮೇಲೆ ಬೋರಲು ಬಿದ್ದರೆ ಅವಳ ಬೆನ್ನು 11 ಇಂಚು ಮುಟ್ಟುವುದಿಲ್ಲ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಹಿಂದಿನವರು ಯಾಕೆ ಅಷ್ಟು ಮೇಲೆ ಹಾಕಿದ್ದರು? ನನ್ನ ಊಹೆ, ಪಿಕಪ್ ಟ್ರಕ್. ಗಾಡಿಯ ಬಾಲ ಹೊರಗೆ ಚಾಚಿಕೊಂಡಿದ್ದರೆ 5 ಇಂಚಿನ ಕಿರಣ ಅದರ ಹೊಟ್ಟೆಯ ಕೆಳಗೇ ತೂರಿ ಹೋಗುತ್ತದೆ, ಬಾಗಿಲು ಬಂಪರ್ ಮೇಲೆ ಬರುತ್ತದೆ. ಮೇಲಕ್ಕೇರಿಸಿದರೆ ಗಾಡಿ ಉಳಿಯುತ್ತದೆ, ನಿಜ. ಆದರೆ ಈ ಕಣ್ಣು ಇರುವುದು ಗಾಡಿಗಲ್ಲ. ಗಾಡಿ ಸರಿಯಾಗಿ ಒಳಗೆ ನಿಲ್ಲಿಸೋದು ನನ್ನ ಕೆಲಸ.

ಮಾರನೇ ದಿನ ಓಪನರಿನ ಪ್ಲಗ್ ಕಿತ್ತು ಕೂತೆ. ಬ್ರಾಕೆಟ್ ಬಿಚ್ಚಿ ಕೆಳಗೆ ಹೊಸ ತೂತು ಕೊರೆಯೋದು ಹತ್ತು ನಿಮಿಷದ ಕೆಲಸ. ವೈರ್ ಆರು ಇಂಚು ಸಾಲಲಿಲ್ಲ, ಕಾಲಿಂಗ್ ಬೆಲ್‌ಗೆ ಹಾಕುವಂಥ ತೆಳು ವೈರ್ ಸೇರಿಸಿದೆ. ನಾನು ಎಡವಿದ್ದು ಅಳತೆಯಲ್ಲಿ. ಎರಡೂ ಕಡೆ ನೆಲದಿಂದ ಸರಿಯಾಗಿ 5 ಇಂಚು ಅಳೆದು ಬಿಗಿದೆ. ದೀಪ ಮಿಣುಕುತ್ತಲೇ ಇತ್ತು, ಅಂದರೆ ಕಿರಣ ಎದುರಿನ ಕಣ್ಣಿಗೆ ಸೇರುತ್ತಿಲ್ಲ. ಯಾಕೆಂದರೆ ನೆಲವೇ ಸಮ ಇಲ್ಲ! 16 ಅಡಿ ಅಗಲದಲ್ಲಿ ಕಾಂಕ್ರೀಟ್ ಒಂದು ಕಡೆಗೆ ಮುಕ್ಕಾಲು ಇಂಚು ಇಳಿದಿತ್ತು. ಆಮೇಲೆ ಒಂದು ಬ್ರಾಕೆಟ್‌ನಿಂದ ಇನ್ನೊಂದಕ್ಕೆ ದಾರ ಎಳೆದು ಕಟ್ಟಿ, ಮಟ್ಟ ನೋಡಿ, ಒಂದು ಕಡೆಯದನ್ನು ಸ್ವಲ್ಪ ಏರಿಸಿದೆ. ರೆಕ್ಕೆ ನಟ್ ಸಡಿಲ ಮಾಡಿ ಸೆನ್ಸರನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. ಮಿಣುಕುತ್ತಿದ್ದ ಹಸಿರು ದೀಪ ಒಮ್ಮೆಗೇ ನಿಂತು ಉರಿಯಿತು. ಅಲ್ಲಿಗೇ ನಟ್ ಬಿಗಿ. ಬಿಗಿಯುವಾಗ ಮತ್ತೆ ತಿರುಗಿತು, ಮತ್ತೆ ಮೊದಲಿನಿಂದ. ಮೂರು ಸಲ ಆಯಿತು.

ಇನ್ನೊಂದು ಹಳೇ ಕಾಟವೂ ಇತ್ತು. ಚಳಿಗಾಲದಲ್ಲಿ ಸಂಜೆ ನಾಲ್ಕೂವರೆ ಹೊತ್ತಿಗೆ ಬಾಗಿಲು ಅರ್ಧ ಇಳಿದು ವಾಪಸು ಹೋಗುತ್ತಿತ್ತು, ಓಪನರ್ ಲೈಟು ಮಿಣಮಿಣ. ಗೋಡೆಯ ಸ್ವಿಚ್ ಒತ್ತಿ ಹಿಡಿದರೆ ಮುಚ್ಚುತ್ತಿತ್ತು, ಹಾಗೇ ಕಾಲ ಹಾಕಿದ್ದೆವು. ಒತ್ತಿ ಹಿಡಿಯೋದು ಅಂದರೆ ಸೆನ್ಸರಿನ ಮಾತು ಕೇಳಬೇಡ ಅಂತ ಮೋಟರಿಗೆ ಹೇಳಿದ ಹಾಗೆ. ಅದು ಆಗ ತಲೆಗೆ ಹೋಗಿರಲಿಲ್ಲ.

ಕಾರಣ ಬಿಸಿಲು. ನಮ್ಮ ಗ್ಯಾರೇಜ್ ದಕ್ಷಿಣಕ್ಕೆ ಮುಖ ಮಾಡಿದೆ. (ದಕ್ಷಿಣದ ಮನೆ ಬೇಡ ಅಂತ ಅಮ್ಮ ಆಗಲೇ ಹೇಳಿದ್ದರು. ವಿಷಯ ತಿಳಿದು ಫೋನಲ್ಲಿ "ನೋಡಿದ್ಯಾ?" ಅಂದರು.) ಎರಡು ಸೆನ್ಸರಲ್ಲಿ ಒಂದು ಕಿರಣ ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ಹಿಡಿಯೋದು ನಮ್ಮಲ್ಲಿ ಪೂರ್ವದ ಕಂಬದಲ್ಲಿ, ಪಶ್ಚಿಮ ನೋಡಿಕೊಂಡಿತ್ತು. ಚಳಿಗಾಲದ ಸೂರ್ಯ ನೈಋತ್ಯದಲ್ಲಿ ಕೆಳಗಿಳಿದು ನೇರ ಅದರ ಕಣ್ಣಿಗೇ ಹೊಡೆಯುತ್ತಿದ್ದ. ಸೆನ್ಸರಿನ ಕಿರಣ ಇನ್‌ಫ್ರಾರೆಡ್, ಕಣ್ಣಿಗೆ ಕಾಣದ ಬೆಳಕು. ಬಿಸಿಲಲ್ಲೂ ಅದು ಇದೆಯಲ್ಲ, ಅದರ ಅಬ್ಬರದಲ್ಲಿ ಸೆನ್ಸರಿಗೆ ತನ್ನ ಜೊತೆಗಾರನ ಕಿರಣವೇ ಕಾಣುವುದಿಲ್ಲ. ಮೊದಲು ಟಾಯ್ಲೆಟ್ ಪೇಪರ್ ರೋಲಿನ ರಟ್ಟಿನ ಕೊಳವೆಯನ್ನು ಅದಕ್ಕೆ ಟೋಪಿ ಹಾಗೆ ತೊಡಿಸಿದೆ. ಸಂಜೆ ಬಾಗಿಲು ಮುಚ್ಚಿತು. ರೋಗ ಗೊತ್ತಾದ ಮೇಲೆ ಎರಡೂ ಸೆನ್ಸರ್ ಅದಲುಬದಲು ಮಾಡಿದೆ. ಈಗ ಹಿಡಿಯೋದು ಪೂರ್ವ ನೋಡುತ್ತದೆ. ಬೆಳಗಿನ ಬಿಸಿಲು ಅದಕ್ಕೆ ಬೀಳಬೇಕಿತ್ತು, ಆದರೆ ಆ ಕಡೆ ಚಳಿಗಾಲದಲ್ಲೂ ಎಲೆ ಉದುರಿಸದ ಓಕ್ ಮರ ಇದೆ. ಮರ ಇಲ್ಲದಿದ್ದರೆ ಈ ಬದಲಾವಣೆ ಸುಮ್ನೆ ಸಂಜೆಯ ಕಾಟವನ್ನು ಬೆಳಿಗ್ಗೆಗೆ ತಳ್ಳುತ್ತಿತ್ತು.

ಅಕ್ಕಿ ಚೀಲ ಒಡೆದದ್ದಕ್ಕೆ ಸೆನ್ಸರ್ ಒಂದೇ ಕಾರಣ ಅಲ್ಲ. ಏನಾದರೂ ತಗುಲಿದರೆ ಬಾಗಿಲು ತಾನಾಗಿ ಎರಡು ಸೆಕೆಂಡಿನೊಳಗೆ ಹಿಂದಿರುಗಬೇಕು. ಒಂದೂವರೆ ಇಂಚು ದಪ್ಪದ ಮರದ ತುಂಡನ್ನು ನೆಲದ ಮೇಲೆ ಅಡ್ಡ ಮಲಗಿಸಿ ಮುಚ್ಚಿ ನೋಡಿದೆ. ನಮ್ಮದು ಒತ್ತಿಕೊಂಡು ಗುರ್ ಅನ್ನುತ್ತಾ ನಿಂತಿತ್ತು. ಕೈಪಿಡಿ ನೋಡಿ ಇಳಿಯುವ ಬಲವನ್ನು ಕಡಿಮೆ ಮಾಡಿದೆ. ಬಾಗಿಲ ಭಾರ ಹೊರುವ ಸ್ಪ್ರಿಂಗಿಗೆ ಮಾತ್ರ ಕೈ ಹಾಕಲಿಲ್ಲ, ಅದಕ್ಕೆ ಗೊತ್ತಿರುವವರೇ ಬರಬೇಕು.

ಆ ಮರದ ತುಂಡು ಈಗ ಗ್ಯಾರೇಜ್ ಮೂಲೆಯಲ್ಲೇ ಇದೆ, ತಿಂಗಳಿಗೊಮ್ಮೆ ಹೊರಗೆ ಬರುತ್ತದೆ. ಜೊತೆಗೆ ಬಟ್ಟೆಯಿಂದ ಎರಡೂ ಕಣ್ಣು ಒರೆಸುತ್ತೇನೆ, ಅಷ್ಟು ಕೆಳಗೆ ಜೇಡ ಬಲೆ ಕಟ್ಟೋದು ಜಾಸ್ತಿ. ರಟ್ಟಿನ ಕೊಳವೆ ಮಗಳ ಪಾಲಾಗಿದೆ.